ಅಮ್ಮನ ರಕ್ತದಲ್ಲಿ ಆಂಟಿ ಸಿಸಿಪಿ (ಕೀಲುವಾತದ ಟೆಸ್ಟು) 186 ಬಂದಿದೆ, ಬೆರಳು ಸೊಟ್ಟ ಆಗುತ್ತೋ ಇಲ್ವೋ ರಕ್ತದಲ್ಲೇ ಗೊತ್ತಾಗುತ್ತಾ?

ಸುಂಟಿಕೊಪ್ಪದ ಹುಡುಗಿ:
ಅಮ್ಮಂಗೆ 52 ವರ್ಷ. ಕಾಫಿ ಕುಯ್ಲು ಶುರುವಾದಾಗಿಂದ ಬೆಳಿಗ್ಗೆ ಎದ್ರೆ ಎರಡೂ ಕೈ ಬೆರಳು ಮಡಿಸೋಕೆ ಆಗಲ್ಲ, ಹಂಡೆ ಬಿಸಿನೀರಲ್ಲಿ ಕೈ ಇಟ್ಕೊಂಡು ಕೂತ್ರೆ ಗಂಟೆ ಮೇಲೆ ಸ್ವಲ್ಪ ಸಡಿಲ ಆಗುತ್ತೆ, ಮನೇಲಿ ಎಲ್ರೂ ಥಂಡಿಗೆ ಅಂತಾರೆ. ಮೈಸೂರಲ್ಲಿ ತೋರಿಸಿದ್ರೆ ರುಮಟಾಯ್ಡ್ ಆರ್ಥ್ರೈಟಿಸ್, ಅಂದ್ರೆ ಗಂಟು ಊದೋ ಕೀಲುವಾತ ಅಂದ್ರು. ಆಂಟಿ ಸಿಸಿಪಿ 186, ಲಿಮಿಟ್ 20 ಅಂತಿದೆ. ಆರ್‌ಎಫ್ (ಇದೇ ಕಾಯಿಲೆಗೆ ನೋಡೋ ಇನ್ನೊಂದು ರಕ್ತದ ಟೆಸ್ಟು) 64, ಇಎಸ್‌ಆರ್ (ಮೈಯಲ್ಲಿ ಉರಿಯೂತ ಎಷ್ಟಿದೆ ಅಂತ ನೋಡೋದು) 58. ನಮ್ಮಜ್ಜಿ ಬೆರಳೆಲ್ಲ ಒಂದು ಕಡೆ ವಾಲಿ ಕೊನೆಕೊನೆಗೆ ಅನ್ನ ಕಲಸೋಕೂ ಆಗ್ತಿರ್ಲಿಲ್ಲ, ಅದನ್ನ ನೋಡಿರೋದ್ರಿಂದ ತುಂಬಾ ಭಯ. ಮೂರು ತಿಂಗಳಿಗೊಮ್ಮೆ ಈ ಸಿಸಿಪಿ ಮಾಡಿಸ್ತಾ ಇದ್ರೆ ಜಾಸ್ತಿ ಆಗ್ತಿದ್ಯಾ ಅಂತ ತಿಳಿಯುತ್ತಾ? ಮೆಥೋಟ್ರೆಕ್ಸೇಟ್ ಬರೆದಿದಾರೆ, ಅದು ಕ್ಯಾನ್ಸರ್ ಮಾತ್ರೆ ಅಂತ ಚಿಕ್ಕಪ್ಪ ಹೇಳಿದ್ಮೇಲೆ ಅಮ್ಮ ಮುಟ್ತಾನೇ ಇಲ್ಲ.

ಕುಶಾಲನಗರ ಲ್ಯಾಬ್:
ಸಿಸಿಪಿ ಪದೇ ಪದೇ ಮಾಡಿಸ್ಬೇಡಿ, ದುಡ್ಡು ದಂಡ. ಅದು ಕಾಯಿಲೆ ಯಾವ ಜಾತಿದು ಅಂತ ಹೇಳೋ ಟೆಸ್ಟು, ಇವತ್ತು ಎಷ್ಟು ಜೋರಿದೆ ಅಂತ ಹೇಳಲ್ಲ. ಲಿಮಿಟ್‌ನ ಮೂರು ಪಟ್ಟು ದಾಟಿದ್ರೆ ಹೈ ಪಾಸಿಟಿವ್ ಅಂತಾರೆ, ಅಮ್ಮಂದು ಅದಕ್ಕಿಂತ ಎಷ್ಟೋ ಮೇಲಿದೆ, ಜೊತೆಗೆ ಆರ್‌ಎಫ್‌ಊ ಪಾಸಿಟಿವ್, ಇಂಥವರಿಗೆ ಮೂಳೆ ಸವೆಯೋ ರಿಸ್ಕ್ ಜಾಸ್ತಿ ಅನ್ನೋದು ನಿಜ. ಆದ್ರೆ ರಿಸ್ಕ್ ಅಂದ್ರೆ ಆಗೇ ಆಗುತ್ತೆ ಅಂತಲ್ಲ, ಔಷಧಿ ಬೇಗ ಶುರು ಮಾಡಿ ಅಂತ. ಔಷಧಿ ಕೆಲಸ ಮಾಡ್ತಿದ್ಯಾ ಅಂತ ನೋಡೋಕೆ ಇಎಸ್‌ಆರ್, ಅದೇ ಥರ ಉರಿಯೂತ ತೋರಿಸೋ ಸಿಆರ್‌ಪಿ ಸಾಕು, ಕಮ್ಮಿ ಖರ್ಚು, ಮಡಿಕೇರಿಲೇ ಆಗುತ್ತೆ. ಅವೂ ಸೋಂಕು ಜ್ವರ ಇದ್ದಾಗ ಏರ್ತವೆ, ಅದಕ್ಕೇ ಡಾಕ್ಟ್ರು ಗಂಟು ಒತ್ತಿ ಒತ್ತಿ ಊತ ಎಣಿಸೋದು.

ವಿರಾಜಪೇಟೆ ಅಕ್ಕ:
ತಂಗಿ, ನಂಗೂ ಇದೇ ಕಾಯಿಲೆ, ವರ್ಷಗಳಿಂದ ಮೆಥೋಟ್ರೆಕ್ಸೇಟ್ ತಗೋತಾ ಇದೀನಿ, ಈ ಸಲಾನೂ ಮೆಣಸು ಬಿಡಿಸಿದೀನಿ. ಕ್ಯಾನ್ಸರ್‌ಗೆ ಕೊಡೋ ಡೋಸೇ ಬೇರೆ, ನಮಗೆ ಕೊಡೋದು ಅದರ ಮುಂದೆ ತೀರಾ ಕಮ್ಮಿ. ಆದ್ರೆ ಒಂದು ವಿಷಯ ಕೈ ಮುಗಿದು ಹೇಳ್ತೀನಿ, ಅದು ವಾರಕ್ಕೆ ಒಂದೇ ದಿನ, ದಿನಾ ತಗೊಂಡ್ರೆ ಜೀವಕ್ಕೇ ಅಪಾಯ. ಕ್ಯಾಲೆಂಡರಲ್ಲಿ ಆ ಒಂದು ದಿನಕ್ಕೆ ಮಾತ್ರ ಕೆಂಪು ಗುರುತು ಹಾಕಿ ನೀವೇ ಕೈಯಾರೆ ಕೊಡಿ. ಫೋಲಿಕ್ ಆಸಿಡ್ ಬರೆದಿದ್ರೆ ಬಿಡ್ಬೇಡಿ, ಲಿವರ್ ಟೆಸ್ಟು, ರಕ್ತದ ಕೌಂಟು ಹೇಳಿದ ಟೈಮಿಗೆ ಮಾಡಿಸಿ.

ಸುಂಟಿಕೊಪ್ಪದ ಹುಡುಗಿ:
ಥ್ಯಾಂಕ್ಸ್ ಅಕ್ಕ, ಇದನ್ನ ಅಮ್ಮಂಗೆ ಓದಿ ಹೇಳಿದೆ. ಎಕ್ಸ್‌ರೇಲಿ ಏನೂ ಇಲ್ಲ ಅಂದಿದಾರೆ, ಹಾಗಾದ್ರೆ ಸ್ವಲ್ಪ ದಿನ ಕಾದು ನೋಡ್ಬಹುದಾ?

ಕುಶಾಲನಗರ ಲ್ಯಾಬ್:
ಬೇಡ. ಎಕ್ಸ್‌ರೇ ಕ್ಲೀನ್ ಇರುವಾಗ್ಲೇ ಶುರು ಮಾಡ್ಬೇಕು, ಸವೆದ ಮೂಳೆ ಮೊದಲಿನ ಹಾಗೆ ಆಗಲ್ಲ. ಕೈದು ಮಾತ್ರ ತೆಗೆದಿದ್ರೆ ಪಾದದ್ದೂ ತೆಗೆಸ್ಬೇಕಾ ಅಂತ ಡಾಕ್ಟ್ರನ್ನ ಕೇಳಿ, ಕೆಲವರಿಗೆ ಸವೆತ ಮೊದಲು ಕಾಣೋದೇ ಕಾಲ್ಬೆರಳ ಬುಡದಲ್ಲಿ. ಮನೇಲಿ ಯಾರಾದ್ರೂ ಬೀಡಿ ಸಿಗರೇಟು ಸೇದ್ತಿದ್ರೆ ಅಮ್ಮನ ಹತ್ರ ಅಂತೂ ಬೇಡ.