ನುಡಿ ಫಾಂಟ್‌ನಲ್ಲಿರುವ ಪುಸ್ತಕ ಪಟ್ಟಿ ಗೂಗಲ್ ಶೀಟ್‌ಗೆ ತರುವುದು ಹೇಗೆ? ಐಎಸ್‌ಬಿಎನ್ ಕಾಲಂ ಕೂಡ ಕೆಟ್ಟಿದೆ

ಅರಿವು ಕೇಂದ್ರ, ಚಿಂತಾಮಣಿ ತಾಲ್ಲೂಕು:
ಗ್ರಾಮ ಪಂಚಾಯ್ತಿ ಗ್ರಂಥಾಲಯ, ಸುಮಾರು 2,400 ಪುಸ್ತಕ. ಅಕ್ಸೆಷನ್ ರಿಜಿಸ್ಟರ್ ಅರ್ಧದಷ್ಟು ಎಕ್ಸೆಲ್‌ನಲ್ಲಿದೆ, ಅದೂ ನುಡಿ (ಕನ್ನಡ ಟೈಪಿಂಗ್ ತಂತ್ರಾಂಶ) ಫಾಂಟ್‌ನಲ್ಲಿ. ಗೂಗಲ್ ಶೀಟ್‌ಗೆ ಹಾಕಿದರೆ ಕನ್ನಡ ಹೋಗಿ ಇಂಗ್ಲಿಷ್ ಅಕ್ಷರ, ಚುಕ್ಕಿ, ಗೆರೆ ಬರುತ್ತಿವೆ. ಐಎಸ್‌ಬಿಎನ್ (ಪುಸ್ತಕದ ಮೇಲೆ ಅಚ್ಚಾಗಿರುವ ಗುರುತು ಸಂಖ್ಯೆ) ಎಲ್ಲ ‘9.78ಇ+12’ ಅಂತ ಕಾಣುತ್ತಿದೆ. ಪುಸ್ತಕ ಇದೆಯೋ ಇಲ್ಲವೋ ಅಂತ ಓದುಗರು ಮೊಬೈಲ್‌ನಲ್ಲೇ ನೋಡಿಕೊಳ್ಳುವ ಹಾಗಾಗಬೇಕು. ಶೀಟ್ ಸಾಕಾ, ನೇರವಾಗಿ ಕೋಹಾ (ಗ್ರಂಥಾಲಯ ತಂತ್ರಾಂಶ) ಹಾಕಿಬಿಡೋದು ಒಳ್ಳೇದಾ? ತೆಲುಗು ಪುಸ್ತಕಗಳೂ ಒಂದು ಕಪಾಟು ಇವೆ.

ಕ್ಯಾಟಲಾಗ್ ಕೆಲಸ, ಕೋಲಾರ:
ಸದ್ಯಕ್ಕೆ ಶೀಟೇ ಸಾಕು. ಕೋಹಾ ಉಚಿತ, ಒಳ್ಳೆಯ ತಂತ್ರಾಂಶವೂ ಹೌದು. ಆದರೆ ಅದಕ್ಕೆ ಲಿನಕ್ಸ್ ಸರ್ವರ್ ಬೇಕು, ಬ್ಯಾಕಪ್, ಅಪ್‌ಡೇಟ್ ನೋಡಿಕೊಳ್ಳುವ ಒಬ್ಬರು ಬೇಕು. ಒಂದೇ ಲ್ಯಾಪ್‌ಟಾಪ್ ಇರುವ ಕಡೆ ಇಲ್ಲದ ತಲೆನೋವು. ಕೇಂದ್ರ ಸರ್ಕಾರದ ಎನ್‌ಐಸಿಯವರ ಇ-ಗ್ರಂಥಾಲಯ ತಂತ್ರಾಂಶವೂ ಇದೆ, ಅದರ ಬಗ್ಗೆ ಇಲಾಖೆಯಲ್ಲಿ ಕೇಳಿ ನೋಡಿ. ಮುಂದೆ ಯಾವುದಕ್ಕೆ ಹೋದರೂ ಅದು ಮೊದಲು ಕೇಳುವುದು ಶುದ್ಧವಾದ ಪಟ್ಟಿಯನ್ನೇ, ಹಾಗಾಗಿ ಈಗ ಮಾಡುವ ಕೆಲಸ ದಂಡವಾಗುವುದಿಲ್ಲ.

ಐಎಸ್‌ಬಿಎನ್ ಬಗ್ಗೆ ಗಾಬರಿ ಬೇಡ. ಫೈಲ್ ಇನ್ನೂ ಎಕ್ಸೆಲ್ ರೂಪದಲ್ಲೇ ಇದ್ದರೆ ಅಂಕಿಗಳು ಒಳಗೆ ಹಾಗೇ ಇವೆ, ತೋರಿಸುವ ರೀತಿ ಮಾತ್ರ ಬದಲಾಗಿದೆ. ಕಾಲಂ ಆಯ್ದು ಫಾರ್ಮ್ಯಾಟ್ ಸೆಲ್ಸ್‌ನಲ್ಲಿ ನಂಬರ್, ಡೆಸಿಮಲ್ 0 ಕೊಡಿ; 13 ಅಂಕಿಯೂ ಕಾಣುತ್ತವೆ. ಅದೇ ಸ್ಥಿತಿಯಲ್ಲಿ ಸಿಎಸ್‌ವಿ (ಬರೀ ಅಕ್ಷರ, ಅಂಕಿಯ ಸರಳ ಫೈಲ್) ಮಾಡಿ ಮುಚ್ಚಿದ್ದರೆ ಮಾತ್ರ ಕೊನೆಯ ಅಂಕಿಗಳು ಹೋದವೆಂದೇ ಲೆಕ್ಕ, ಪುಸ್ತಕ ನೋಡಿ ಮತ್ತೆ ಹೊಡೆಯಬೇಕು. 2007ಕ್ಕೆ ಮುಂಚಿನವು 10 ಅಂಕಿಯವು. ಅವುಗಳಲ್ಲಿ ಭಾರತದವು 81ರಿಂದ ಶುರುವಾಗುವುದರಿಂದ ಉಳಿದುಕೊಳ್ಳುತ್ತವೆ. ಸೊನ್ನೆಯಿಂದ ಶುರುವಾಗುವ ವಿದೇಶಿ ಇಂಗ್ಲಿಷ್ ಪುಸ್ತಕಗಳಲ್ಲಿ ಆ ಸೊನ್ನೆಯನ್ನು ಎಕ್ಸೆಲ್ ನುಂಗಿರುತ್ತದೆ. 9 ಅಂಕಿ ಉಳಿದದ್ದು ಕಂಡರೆ ಮುಂದೆ 0 ಸೇರಿಸಿ. ಗೂಗಲ್ ಶೀಟ್‌ನಲ್ಲಿ ಪೇಸ್ಟ್ ಮಾಡುವ ಮೊದಲೇ ಆ ಕಾಲಂಗೆ ಪ್ಲೇನ್ ಟೆಕ್ಸ್ಟ್ ಕೊಟ್ಟುಬಿಡಿ.

ಒಂದು ಪ್ರತಿಗೆ ಒಂದು ಸಾಲು. ಒಂದೇ ಪುಸ್ತಕದ ಮೂರು ಪ್ರತಿಗೆ ಒಂದೇ ಸಾಲು ಮಾಡಿ ‘ಪ್ರತಿಗಳು: 3’ ಅಂತ ಬರೆದರೆ ಯಾವುದು ಹೊರಗೆ ಹೋಗಿದೆ ಅಂತ ತಿಳಿಯುವುದೇ ಇಲ್ಲ. ಗುರುತಿಗೆ ಪರಿಗ್ರಹಣ ಸಂಖ್ಯೆಯೇ (ಅಕ್ಸೆಷನ್ ರಿಜಿಸ್ಟರ್‌ನಲ್ಲಿ ಪ್ರತಿಯೊಂದು ಪ್ರತಿಗೂ ಕೊಡುವ ನಂಬರ್) ಆಧಾರ, ಐಎಸ್‌ಬಿಎನ್ ಅಲ್ಲ; ಹಳೆಯ ಕನ್ನಡ ಪುಸ್ತಕ ಎಷ್ಟಕ್ಕೋ ಅದು ಇರುವುದೇ ಇಲ್ಲ.

ಯುನಿಕೋಡ್ ಗಿರಾಕಿ:
ನುಡಿ ವಿಷಯಕ್ಕೆ ಬರೋಣ. ಹಳೆಯ ನುಡಿ ಫಾಂಟ್‌ನಲ್ಲಿ ಒಳಗಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತವೇ, ಫಾಂಟ್ ಅದಕ್ಕೆ ಕನ್ನಡದ ಮುಖವಾಡ ಹಾಕಿರುತ್ತದೆ. ಗೂಗಲ್ ಶೀಟ್‌ನಲ್ಲಿ ಆ ಫಾಂಟ್ ಇಲ್ಲ, ಅದಕ್ಕೇ ಹೀಗೆ. ನುಡಿ ತಂತ್ರಾಂಶದ ಜೊತೆಗೇ ಯುನಿಕೋಡ್‌ಗೆ (ಎಲ್ಲ ಕಡೆ ಕನ್ನಡವಾಗಿಯೇ ಕಾಣುವ ಸಂಕೇತಕ್ಕೆ) ತಿರುಗಿಸುವ ಕನ್ವರ್ಟರ್ ಬರುತ್ತದೆ. ಆದರೆ ಇಡೀ ಕಾಲಂ ಒಟ್ಟಿಗೆ ಹಾಕಬೇಡಿ. ನಡುವೆ ನಿಜವಾದ ಇಂಗ್ಲಿಷ್ ಶೀರ್ಷಿಕೆ ಇದ್ದರೆ ಕನ್ವರ್ಟರ್‌ಗೆ ಅದು ಗೊತ್ತಾಗದು, ಅದನ್ನೂ ಕನ್ನಡ ಮಾಡಹೋಗಿ ಕಲಸುಮೇಲೋಗರ ಮಾಡುತ್ತದೆ.

ಹೀಗೆ ಮಾಡಿ. ಮೊದಲು ಫೈಲ್‌ನ ಒಂದು ನಕಲು ತೆಗೆದಿಡಿ. ಎಕ್ಸೆಲ್‌ನಲ್ಲಿ ಶೀರ್ಷಿಕೆ ಕಾಲಂ ಆಯ್ದು ಕಂಟ್ರೋಲ್-ಎಚ್ ಒತ್ತಿ, ಆಪ್ಷನ್ಸ್ ತೆರೆಯಿರಿ. ಎರಡೂ ಪೆಟ್ಟಿಗೆ ಖಾಲಿ ಬಿಟ್ಟು, ಮೇಲಿನದರ ಫಾರ್ಮ್ಯಾಟ್‌ನಲ್ಲಿ ಫಾಂಟ್ ‘ನುಡಿ 01 ಇ’ (ನಿಮ್ಮಲ್ಲಿ ಯಾವುದಿದೆಯೋ ಅದು), ಕೆಳಗಿನದರಲ್ಲಿ ಹಳದಿ ಫಿಲ್ ಕೊಟ್ಟು ರಿಪ್ಲೇಸ್ ಆಲ್. ನುಡಿಯ ಸೆಲ್‌ಗಳೆಲ್ಲ ಹಳದಿಯಾಗುತ್ತವೆ. ಈಗ ಬಣ್ಣದ ಮೇಲೆ ಸಾರ್ಟ್ ಮಾಡಿ ಒಂದು ಕಡೆ ಸೇರಿಸಿ. ಫಿಲ್ಟರ್ ಬೇಡ, ಫಿಲ್ಟರ್ ಹಾಕಿ ಪೇಸ್ಟ್ ಮಾಡಿದರೆ ಅಡಗಿರುವ ಸಾಲುಗಳ ಮೇಲೂ ಬಿದ್ದು ಹಾಳಾಗುತ್ತದೆ. ಹಳದಿ ಭಾಗವನ್ನಷ್ಟೇ ನೋಟ್‌ಪ್ಯಾಡ್‌ಗೆ ಹಾಕಿ, ಕನ್ವರ್ಟ್ ಮಾಡಿ, ಅದೇ ಜಾಗಕ್ಕೆ ವಾಪಸ್ ಅಂಟಿಸಿ, ಪರಿಗ್ರಹಣ ಸಂಖ್ಯೆಯ ಮೇಲೆ ಮತ್ತೆ ಸಾರ್ಟ್ ಮಾಡಿ. ಲೇಖಕ, ಪ್ರಕಾಶಕ ಕಾಲಂಗಳಿಗೂ ಇದೇ ಕ್ರಮ.

ಇಲ್ಲಿ ಕೈಕೊಡುವುದು ಒಂದೇ ಸೆಲ್‌ನಲ್ಲಿ ಎರಡು ಸಾಲು ಹೊಡೆದಿದ್ದಾಗ. ನೋಟ್‌ಪ್ಯಾಡ್‌ನಲ್ಲಿ ಅದು ಎರಡು ಸಾಲಾಗಿ, ಅಲ್ಲಿಂದ ಕೆಳಗಿನ ಶೀರ್ಷಿಕೆಯೆಲ್ಲ ಒಂದೊಂದು ಮನೆ ಜಾರುತ್ತದೆ. ಕನ್ವರ್ಟ್‌ಗೆ ಮುಂಚೆಯೇ ಕಂಟ್ರೋಲ್-ಎಚ್‌ನಲ್ಲಿ ಹುಡುಕುವ ಕಡೆ ಕಂಟ್ರೋಲ್-ಜೆ ಒತ್ತಿ, ಬದಲಿಗೆ ಒಂದು ಖಾಲಿ ಜಾಗ ಕೊಟ್ಟು ತೆಗೆದುಬಿಡಿ.

ಇನ್ನೊಂದು ಕಣ್ಣಿಗೆ ಬೀಳದ ತಪ್ಪು: ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ. ‘ಗ೦ಗ’ ಮತ್ತು ‘ಗಂಗ’ ನೋಡಲು ಒಂದೇ, ಕಂಪ್ಯೂಟರ್‌ಗೆ ಬೇರೆ ಬೇರೆ, ಹುಡುಕಿದರೆ ಸಿಗುವುದಿಲ್ಲ. ಶೀರ್ಷಿಕೆ, ಲೇಖಕ, ಪ್ರಕಾಶಕ ಕಾಲಂಗಳಲ್ಲಿ ಮಾತ್ರ ೦ ಹುಡುಕಿ ಂ ಮಾಡಿ. ವರ್ಷವನ್ನು ಕನ್ನಡ ಅಂಕಿಯಲ್ಲಿ ಬರೆದಿದ್ದರೆ ಆ ಕಾಲಂ ಮುಟ್ಟಬೇಡಿ.

ಅರಿವು ಕೇಂದ್ರ, ಚಿಂತಾಮಣಿ ತಾಲ್ಲೂಕು:
ಹಳದಿ ಉಪಾಯ ಕೆಲಸ ಮಾಡಿತು, ಧನ್ಯವಾದ. ಇನ್ನೊಂದು ಪ್ರಶ್ನೆ. ಪುಸ್ತಕ ಕೊಟ್ಟು ತೆಗೆದುಕೊಳ್ಳುವ ಲೆಕ್ಕವೂ ಅದೇ ಫೈಲ್‌ನ ಎರಡನೇ ಟ್ಯಾಬ್‌ನಲ್ಲಿದೆ, ಸದಸ್ಯರ ಫೋನ್ ನಂಬರ್ ಸಮೇತ. ಅದನ್ನು ಹೈಡ್ ಮಾಡಿ ಲಿಂಕ್ ಕೊಟ್ಟರೆ ಸಾಕಲ್ವಾ?

ಮಾಲೂರು ಕಡೆಯವರು:
ಖಂಡಿತ ಸಾಲದು. ನೋಡುವ ಹಕ್ಕು ಮಾತ್ರ ಇದ್ದವರೂ ಮೇಕ್ ಎ ಕಾಪಿ ಒತ್ತಿ ತಮ್ಮ ನಕಲಿನಲ್ಲಿ ಆ ಟ್ಯಾಬ್ ತೆರೆಯಬಹುದು. ಓದುಗರಿಗೆ ಬೇರೆಯದೇ ಫೈಲ್ ಮಾಡಿ. ಅದರಲ್ಲಿ ಇಂಪೋರ್ಟ್‌ರೇಂಜ್ ಸೂತ್ರ ಹಾಕಿ ಸಂಖ್ಯೆ, ಶೀರ್ಷಿಕೆ, ಲೇಖಕ, ಕಪಾಟು, ‘ಇದೆ/ಹೊರಗಿದೆ’ ಇಷ್ಟನ್ನೇ ಮೂಲ ಫೈಲ್‌ನಿಂದ ಎಳೆದುಕೊಳ್ಳಿ. ಮೂಲದಲ್ಲಿ ಈ ಐದು ಕಾಲಂ ಅಕ್ಕಪಕ್ಕ ಇದ್ದರೆ ಸೂತ್ರ ಸಲೀಸು. ಮೊದಲ ಸಲ ತಪ್ಪು ತೋರಿಸುತ್ತದೆ, ಆ ಸೆಲ್ ಮೇಲೆ ನಿಂತು ಅಲೋ ಆ್ಯಕ್ಸೆಸ್ ಒತ್ತಬೇಕು. ಈ ಹೊಸ ಫೈಲ್‌ಗೆ ಎಡಿಟ್ ಹಕ್ಕು ಯಾರಿಗೂ ಕೊಡಬೇಡಿ, ಎಡಿಟ್ ಇದ್ದರೆ ಸೂತ್ರ ಬದಲಿಸಿ ಫೋನ್ ನಂಬರನ್ನೂ ಎಳೆಯಬಹುದು. ಎರಡೂ ಫೈಲ್ ಗ್ರಂಥಾಲಯದ ಹೆಸರಿನ ಮೇಲ್ ಖಾತೆಯಲ್ಲಿರಲಿ, ಸ್ವಂತದ್ದರಲ್ಲಿ ಬೇಡ.

ಲೇಖಕರ ಹೆಸರಿಗೆ ಡ್ರಾಪ್‌ಡೌನ್ ಮಾಡಿ. ಇಲ್ಲದಿದ್ದರೆ ನಮ್ಮ ಜಿಲ್ಲೆಯ ಮಾಸ್ತಿಯವರೇ ‘ಮಾಸ್ತಿ’, ‘ಶ್ರೀನಿವಾಸ’, ‘ಎಂ. ವೆಂಕಟೇಶ ಅಯ್ಯಂಗಾರ್’ ಅಂತ ಮೂವರಾಗಿ ಕೂರುತ್ತಾರೆ. ಒಂದು ರೂಪ ನಿಗದಿ ಮಾಡಿ, ಉಳಿದವನ್ನು ‘ಇತರ ಹೆಸರು’ ಕಾಲಂಗೆ ಹಾಕಿ.

ತೆಲುಗಿಗೆ ಭಾಷೆ ಅಂತ ಒಂದು ಕಾಲಂ, ಶೀರ್ಷಿಕೆ ತೆಲುಗು ಲಿಪಿಯಲ್ಲಿ, ಪಕ್ಕದಲ್ಲಿ ಅದೇ ಶೀರ್ಷಿಕೆ ಕನ್ನಡ ಲಿಪಿಯಲ್ಲಿ. ಚಿಂತಾಮಣಿ ಕಡೆ ಮನೆಯಲ್ಲಿ ತೆಲುಗಾಡುವವರೂ ಮೊಬೈಲ್‌ನಲ್ಲಿ ಹೊಡೆಯುವುದು ಕನ್ನಡದಲ್ಲೇ. ಮೊಬೈಲ್‌ನ ಜಿಬೋರ್ಡ್‌ನಲ್ಲಿ ತೆಲುಗು ಸೇರಿಸಿಕೊಂಡರೆ ಟೈಪಿಂಗ್‌ಗೆ ಬೇರೆ ತಂತ್ರಾಂಶ ಬೇಕಿಲ್ಲ.