ಏರ್ ಬೆಡ್ ವರ್ಷಗಟ್ಟಲೆ ಬಳಸಿದವರು ಯಾರಾದ್ರೂ ಇದೀರಾ? ಹಾಸಿಗೆ ಹಿಡಿದಿರೋ ಅಮ್ಮಂಗೆ ಬೇಕಿತ್ತು

ಹಾಸನದ ಸುಮ:
ಅಮ್ಮಂಗೆ ಸ್ಟ್ರೋಕ್ ಆಗಿ ಎಡಭಾಗ ಸ್ವಾಧೀನ ಇಲ್ಲ, ಈಗ ಮನೆಗೆ ಕರ್ಕೊಂಡ್ ಬಂದಿದೀವಿ. ಡಿಸ್ಚಾರ್ಜ್ ಮಾಡುವಾಗ ಡಾಕ್ಟ್ರು ಏರ್ ಬೆಡ್ ಹಾಕಿ, ಇಲ್ಲಾಂದ್ರೆ ಬೆಡ್ ಸೋರ್ (ಒಂದೇ ಕಡೆ ಮಲಗಿ ಒತ್ತಿ ಆಗೋ ಗಾಯ) ಆಗುತ್ತೆ ಅಂದ್ರು. ಸರ್ಜಿಕಲ್ ಅಂಗಡೀಲಿ ಕೇಳಿದ್ರೆ ಗುಳ್ಳೆ ಗುಳ್ಳೆ ಇರೋದು ಒಂದು, ಅಡ್ಡಡ್ಡ ಟ್ಯೂಬ್ ಇರೋದು ಒಂದು ತೋರಿಸಿದ್ರು, ಟ್ಯೂಬಿಂದು ರೇಟ್ ತುಂಬಾ ಜಾಸ್ತಿ. ಪಂಪ್ ಮೇಲೆ ಗಾಳಿ ಹೆಚ್ಚು ಕಡಿಮೆ ಮಾಡೋ ನಾಬ್ ಇದೆ, ಎಷ್ಟಕ್ಕೆ ಇಡಬೇಕು ಅಂದ್ರೆ ಅಂಗಡಿಯವರಿಗೇ ಗೊತ್ತಿಲ್ಲ, ಮಧ್ಯಕ್ಕೆ ಇಡಿ ಮೇಡಂ ಅಂತಾರೆ. ಇದು ಎಷ್ಟು ವರ್ಷ ಬರುತ್ತೆ, ರಾತ್ರಿಯೆಲ್ಲ ಸೌಂಡ್ ಮಾಡುತ್ತಾ, ಕರೆಂಟ್ ಹೋದ್ರೆ ಏನ್ಮಾಡೋದು? ನಮ್ಮ ಚಿಕ್ಕಮ್ಮ ವಾಟರ್ ಬೆಡ್ ಸಾಕು ಅಂತಾರೆ. ಬಳಸಿದವರು ದಯವಿಟ್ಟು ಹೇಳಿ.

ಭಾಗ್ಯ, ಮೈಸೂರು:
ಸುಮ ಅವರೇ, ನಮ್ಮತ್ತೆ ಹಾಸಿಗೆ ಹಿಡಿದು ಸುಮಾರು ವರ್ಷ ಆಯ್ತು, ಅವತ್ತಿಂದ ಗುಳ್ಳೆ ಬೆಡ್ಡಲ್ಲೇ ಇದಾರೆ, ಇವತ್ತಿಗೂ ಮೈಮೇಲೆ ಒಂದು ಗಾಯ ಇಲ್ಲ. ಅದರ ಕೆಲಸ ಏನಂದ್ರೆ ಗುಳ್ಳೆಗಳಲ್ಲಿ ಎರಡು ಗುಂಪು ಇರುತ್ತೆ, ಒಂದು ಗುಂಪು ಉಬ್ಬಿದಾಗ ಇನ್ನೊಂದು ಇಳಿಯುತ್ತೆ, ಆಮೇಲೆ ಅದಲು ಬದಲು, ಒಂದು ಸುತ್ತಿಗೆ ಸಾಮಾನ್ಯವಾಗಿ 10 ನಿಮಿಷದ ಆಸುಪಾಸು. ಹಾಗಾಗಿ ಚರ್ಮದ ಒಂದೇ ಜಾಗದ ಮೇಲೆ ಭಾರ ಕೂತಿರಲ್ಲ, ರಕ್ತ ಓಡಾಡುತ್ತೆ. ವಾಟರ್ ಬೆಡ್ಡು ಭಾರಾನ ಹರಡುತ್ತೆ ಅಷ್ಟೇ, ಈ ಅದಲು ಬದಲು ಮಾಡಲ್ಲ, ತುಂಬಿಸಿದ ಮೇಲೆ ಜರುಗಿಸೋಕೂ ಆಗಲ್ಲ, ಚಳಿಗಾಲದಲ್ಲಿ ತಣ್ಣಗೆ ಕೊರೆಯುತ್ತೆ.

ನಾಬ್ ವಿಷಯ. ಮಧ್ಯಕ್ಕೆ ಇಡಿ ಅನ್ನೋದನ್ನ ನಂಬಬೇಡಿ. ಅಮ್ಮನ್ನ ಮಲಗಿಸಿ ಒಂದರ್ಧ ಗಂಟೆ ಬಿಟ್ಟು, ಅಂಗೈ ಮೇಲ್ಮುಖ ಮಾಡಿ ಏರ್ ಬೆಡ್ಡಿಗೂ ಅದರ ಕೆಳಗಿನ ಹಾಸಿಗೆಗೂ ಮಧ್ಯೆ, ಸರಿಯಾಗಿ ಅವರ ಸೊಂಟದ ಕೆಳಗಿನ ಮೂಳೆ ಬರೋ ಕಡೆ ತೂರಿಸಿ. ಮೂಳೆ ಕೈಗೆ ತಗುಲಿದ್ರೆ ಗಾಳಿ ಸಾಲದು, ನಾಬ್ ಜಾಸ್ತಿ ಮಾಡಿ. ನಿಮ್ಮ ಕೈಗೂ ಅವರ ಮೈಗೂ ಮಧ್ಯೆ ಒಂದಿಂಚು ಗಾಳಿ ಉಳಿದಿರಬೇಕು. ಹಾಗಂತ ಫುಲ್ಲಿಗೆ ತಿರುಗಿಸಿದ್ರೆ ಹಲಗೆ ಮೇಲೆ ಮಲಗಿಸಿದ ಹಾಗಾಗುತ್ತೆ, ಅದರಿಂದ ಏನೂ ಉಪಯೋಗ ಇಲ್ಲ. ತೂಕ ಇಳಿದ್ರೆ ಸೆಟ್ಟಿಂಗೂ ಬದಲಾಗಬೇಕು, ಹಾಸಿಗೆ ಹಿಡಿದವರು ಇಳಿದೇ ಇಳೀತಾರೆ, ಹಾಗಾಗಿ ಆಗಾಗ ಕೈ ಹಾಕಿ ನೋಡ್ತಿರಿ.

ಬಾಳಿಕೆ ಕೇಳಿದ್ರಲ್ಲ, ಬೆಡ್ಡಿಗಿಂತ ಮೊದಲು ಪಂಪ್ ಕೈಕೊಡುತ್ತೆ. ಹಗಲೂ ರಾತ್ರಿ ಓಡುತ್ತಲ್ಲ, ಒಳಗಿರೋ ರಬ್ಬರ್ ಡಯಾಫ್ರಮ್ ಸವೀತಾ ಬರುತ್ತೆ, ಸೌಂಡ್ ಜಾಸ್ತಿ ಆಯ್ತು, ಗುಳ್ಳೆ ಸರಿಯಾಗಿ ಉಬ್ತಿಲ್ಲ ಅಂದ್ರೆ ಅದೇ ಇರುತ್ತೆ. ಪಂಪನ್ನ ಬಿಡಿಯಾಗಿ ಮಾರ್ತಾರೆ, ಇಡೀ ಸೆಟ್ ತಗೋಬೇಕಿಲ್ಲ. ಕೆಲವು ಪಂಪಲ್ಲಿ ಹಿಂದೆ ಸಣ್ಣ ಫಿಲ್ಟರ್ ಇರುತ್ತೆ, ಧೂಳು ಕೂತ್ರೆ ಒರೆಸಿ. ನೆಲದ ಮೇಲೆ ಇಡಬೇಡಿ, ಮಂಚದ ಕಾಲ್ದೆಸೆಗೆ ನೇತುಹಾಕಿ. ಹೊಸದ್ರಲ್ಲಿ ಸೌಂಡು ಫಿಶ್ ಟ್ಯಾಂಕ್ ಪಂಪಿನಷ್ಟೇ ಗುಂಯ್ ಅನ್ನುತ್ತೆ, ಅಭ್ಯಾಸ ಆಗುತ್ತೆ. ಕರೆಂಟ್ ಬಿಲ್ಲಿಗೆ ಹೆದರಬೇಡಿ, ಒಂದು ಸಣ್ಣ ಎಲ್‌ಇಡಿ ಬಲ್ಬಿನಷ್ಟೇ ಎಳೆಯೋದು.

ತೂತಾದ್ರೆ ಸೈಕಲ್ ಪಂಕ್ಚರ್ ಸಲ್ಯೂಷನ್ ಸರಿಯಾಗಿ ಹಿಡಿಯಲ್ಲ, ಇದು ಪಿವಿಸಿ, ಪಿವಿಸಿಗೆ ಅಂತಲೇ ಪ್ಯಾಚ್ ಬರುತ್ತೆ, ಎಷ್ಟೋ ಸೆಟ್ ಜೊತೆಗೇ ಕೊಟ್ಟಿರ್ತಾರೆ. ಸೇಫ್ಟಿ ಪಿನ್ನು, ಬಳೆ ಚೂರು, ಉಗುರು ಕಟರ್ ಹತ್ತಿರ ಬಿಡಬೇಡಿ. ಮೇಲೆ ತೆಳ್ಳಗಿನ ಒಂದೇ ಕಾಟನ್ ಬೆಡ್‌ಶೀಟ್, ಅದೂ ಸಡಿಲವಾಗಿ. ರಗ್ಗು, ರಬ್ಬರ್ ಶೀಟು, ಮೇಲೊಂದು ಸೀರೆ ಮಡಚಿ ಹಾಕಿದ್ರೆ ಗುಳ್ಳೆ ಉಬ್ಬಿದ್ದು ಮೈಗೆ ಗೊತ್ತೇ ಆಗಲ್ಲ.

ಬಸು, ಧಾರವಾಡ:
ನಮ್ಮ ಅಪ್ಪಾರಿಗೆ ಟ್ಯೂಬಿಂದ ತಂದೇವ್ರಿ. ತೂಕ ಭಾಳ ಐತಿ ಅವ್ರದು, ಗುಳ್ಳಿದ್ದು ಸೊಂಟದ ಕೆಳಗ ಪೂರ್ತಿ ಅಪ್ಪಚ್ಚಿ ಆಗ್ತಿತ್ತು. ಅಮ್ಮಾರು ಸಣ್ಣ ಇದ್ರ ಗುಳ್ಳಿದ್ದ ಸಾಕು, ಸುಮ್ನ ರೊಕ್ಕ ಹಾಕಬ್ಯಾಡ್ರಿ. ಟ್ಯೂಬಿಂದು ತಗೊಂಡ್ರ ಬಿಡಿ ಟ್ಯೂಬ್ ಸಿಗ್ತಾವೇನು ಕೇಳೇ ತಗೋರಿ, ಒಂದು ಹೋದ್ರ ಅದನ್ನಷ್ಟ ಬಿಚ್ಚಿ ಬ್ಯಾರೆ ಹಾಕಬಹುದು.

ಕರೆಂಟ್ ಹೋತಂದ್ರ ಗಾಳಿ ಮೆಲ್ಲಕ ಇಳೀತೈತಿ. ನಮ್ಮನ್ಯಾಗ ಪಂಪ್ ಯುಪಿಎಸ್ ಲೈನಿಗೆ ಕೊಟ್ಟೇವಿ. ಯುಪಿಎಸ್ ಇಲ್ಲಂದ್ರ ಪಂಪಿಂದ ಎರಡೂ ಪೈಪ್ ಕಿತ್ತು ತುದಿ ಮಡಚಿ ರಬ್ಬರ್ ಬ್ಯಾಂಡ್ ಬಿಗಿದ್ರ ಗಾಳಿ ಇನ್ನಷ್ಟು ಹೊತ್ತು ನಿಲ್ತೈತ್ರಿ. ಮತ್ತ ಬರೇ ಮಂಚದ ಹಲಗಿ ಮ್ಯಾಲೆ ಹಾಸಬ್ಯಾಡ್ರಿ, ಕೆಳಗ ಫೋಮ್ ಗಾದಿ ಇರ್ಲಿ.

ಸ್ಟಾಫ್ ನರ್ಸ್, ಮಂಗಳೂರು:
ಭಾಗ್ಯ ಅವರು ಹೇಳಿದ್ದೆಲ್ಲ ಸರಿ, ಆದ್ರೆ ನಾನು ಮನೆ ಮನೆಗೆ ಹೋದಾಗ ನೋಡೋದು ಏನಂದ್ರೆ ಏರ್ ಬೆಡ್ ಬಂತು ಅಂತ ಮಗ್ಗುಲು ಬದಲಿಸೋದನ್ನೇ ಬಿಟ್ಟುಬಿಡ್ತಾರೆ, ಇದು ಮಾತ್ರ ಬೇಡ. ಡಾಕ್ಟ್ರು ಬೇರೆ ಹೇಳದಿದ್ರೆ 2 ಗಂಟೆಗೊಮ್ಮೆ ತಿರುಗಿಸಿ. ಪೂರ್ತಿ ಅಡ್ಡ ಮಲಗಿಸಿದ್ರೆ ತೊಡೆ ಪಕ್ಕದ ಮೂಳೆ ಮೇಲೆ ಭಾರ ಬೀಳುತ್ತೆ, ಬೆನ್ನಿಗೆ ದಿಂಬು ಕೊಟ್ಟು 30 ಡಿಗ್ರಿ ವಾಲಿಸಿದ್ರೆ ಸಾಕು. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಗಾಳೀಲಿ ತೇಲೋ ಹಾಗೆ ಮಾಡಿ, ಏರ್ ಬೆಡ್ ಇದ್ರೂ ಹಿಮ್ಮಡಿಗೆ ಗಾಯ ಆಗೋದು ನೋಡಿದೀನಿ.

ದಿನಾ ಸ್ನಾನ ಮಾಡಿಸುವಾಗ ಬೆನ್ನಿನ ಕೆಳಭಾಗ, ಸೊಂಟ, ಹಿಮ್ಮಡಿ, ಮೊಣಕೈ ನೋಡಿ. ಬೆರಳಲ್ಲಿ ಒತ್ತಿ ಬಿಟ್ಟಾಗ ಬೆಳ್ಳಗಾಗದೆ ಕೆಂಪಗೇ ಇದ್ರೆ ಶುರುವಾಗಿದೆ ಅಂತಲೇ ಅರ್ಥ. ನಮ್ಮ ಮೈಬಣ್ಣಕ್ಕೆ ಕೆಂಪು ಕಾಣೋದು ಕಷ್ಟ, ಸುತ್ತಲಿನ ಚರ್ಮಕ್ಕಿಂತ ಕಪ್ಪಾಗಿದೆಯಾ, ಬಿಸಿ ಇದೆಯಾ, ಗಟ್ಟಿ ಇದೆಯಾ ಮುಟ್ಟಿ ನೋಡಿ. ಅಂಥ ಜಾಗಾನ ಯಾವ ಕಾರಣಕ್ಕೂ ತಿಕ್ಕಬೇಡಿ, ಎಣ್ಣೆ ಹಾಕಿ ಉಜ್ಜೋದು, ಸ್ಪಿರಿಟ್ ಪೌಡರ್ ಹಚ್ಚೋದು ಹಳೇ ಪದ್ಧತಿ. ಮಧ್ಯೆ ತೂತಿರೋ ರಿಂಗ್ ದಿಂಬೂ ಬೇಡ, ಅದರ ಅಂಚಲ್ಲಿ ಒತ್ತಡ ಜಾಸ್ತಿ. ಡೈಪರ್ ಒದ್ದೆ ಆದ ಕೂಡ್ಲೇ ಬದಲಿಸಿ, ಮೊಟ್ಟೆ, ಬೇಳೆ, ಮೊಸರು ಚೆನ್ನಾಗಿ ಕೊಡಿ. ಸಕ್ಕರೆ ಕಾಯಿಲೆ ಅಥವಾ ಕಿಡ್ನಿ ತೊಂದರೆ ಇದ್ರೆ ಊಟದ ವಿಷಯ ಡಾಕ್ಟ್ರನ್ನ ಕೇಳಿ.

ಹಾಸನದ ಸುಮ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ವಿವರವಾಗಿ ಅಂಗಡೀಲೂ ಯಾರೂ ಹೇಳಲಿಲ್ಲ. ಅಮ್ಮ ಸಣ್ಣಕ್ಕಿದಾರೆ, ಗುಳ್ಳೆದೇ ತರ್ತೀನಿ. ಇನ್ನೊಂದು ಪ್ರಶ್ನೆ ಮೇಡಂ, ಊಟ ಮಾಡಿಸೋಕೆ ಬೆನ್ನೆತ್ತಿ ಕೂರಿಸಿದಾಗ ಗುಳ್ಳೆ ಒಡೆಯಲ್ವಾ?

ಸ್ಟಾಫ್ ನರ್ಸ್, ಮಂಗಳೂರು:
ಒಡೆಯಲ್ಲ, ಆದ್ರೆ ಆಗ ಭಾರವೆಲ್ಲ ಕೂರೋ ಜಾಗಕ್ಕೆ ಬರುತ್ತೆ, ಕೂರಿಸೋ ಮುಂಚೆ ನಾಬ್ ಸ್ವಲ್ಪ ಜಾಸ್ತಿ ಮಾಡಿ. ಮೊದಲು ಮೊಣಕಾಲ ಕೆಳಗೆ ದಿಂಬು ಕೊಟ್ಟು ಆಮೇಲೆ ಬೆನ್ನೆತ್ತಿ, ಆಗ ಕೆಳಗೆ ಜಾರಲ್ಲ, ಜಾರಿದಾಗಲೇ ಬೆನ್ನಿನ ಚರ್ಮ ಎಳೆದು ಕಿತ್ತು ಬರೋದು. ಊಟ ಆದ ಮೇಲೆ ಅರ್ಧ ಗಂಟೆ ಹಾಗೇ ಕೂರಿಸಿ, ಆಮೇಲೆ ತಲೆ 30 ಡಿಗ್ರಿಗಿಂತ ಕೆಳಗೆ ಇಳಿಸಿ ನಾಬನ್ನೂ ಮೊದಲಿನ ಜಾಗಕ್ಕೆ ತನ್ನಿ. ಆ ಜಾಗಕ್ಕೆ ಮಾರ್ಕರಲ್ಲಿ ಒಂದು ಗೆರೆ ಎಳೆದಿಟ್ರೆ ನೀವಿಲ್ಲದಾಗ ನೋಡ್ಕೊಳೋರಿಗೂ ಗೊತ್ತಾಗುತ್ತೆ.