ಜೆನ್‌ಗೆ ಎಸ್ಟೀಮ್ ಎಂಜಿನ್: ಎಚ್‌ಪಿ ಬಂತು, ಮೈಲೇಜ್ ಹೋಯ್ತು

ಬೆಣ್ಣೆದೋಸೆ_ಜೆನ್ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ಬೈಯೋರು ಕೊನೇಲಿ ಬೈಯಿರಿ, ಮೊದಲು ಪೂರ್ತಿ ಓದಿ.

ಗಾಡಿ 1998ರ ಮಾರುತಿ ಜೆನ್, ಕಾರ್ಬುರೇಟರ್ ಮಾಡೆಲ್. ಅಪ್ಪ ತಗೊಂಡಿದ್ದು. 993 ಸಿಸಿ, 50 ಎಚ್‌ಪಿ. ಎರಡು ವರ್ಷದ ಹಿಂದೆ ಎಂಜಿನ್ ಆಯಿಲ್ ಕುಡಿಯೋಕೆ, ಹೊಗೆ ಬಿಡೋಕೆ ಶುರು ಮಾಡ್ತು. ಬೋರ್ ಮಾಡಿಸೋ (ಸವೆದ ಸಿಲಿಂಡರ್ ಕೊರೆಸಿ ಸರಿ ಮಾಡಿಸೋ) ದುಡ್ಡಿಗೆ ಇನ್ನಷ್ಟು ಸೇರಿಸಿ, ಹಿಂದಿನಿಂದ ಲಾರಿ ಗುದ್ದಿ ಗುಜರಿಗೆ ಬಂದಿದ್ದ ಒಂದು ಮಾರುತಿ ಎಸ್ಟೀಮ್‌ನ 1.3 ಲೀಟರ್ ಎಂಪಿಎಫ್‌ಐ (ಕಾರ್ಬುರೇಟರ್ ಬದಲು ಕಂಪ್ಯೂಟರ್ ಅಳೆದು ಪೆಟ್ರೋಲ್ ಚಿಮ್ಮಿಸೋ) ಎಂಜಿನ್ ಹಾಕಿಸಿದೆ. 16 ವಾಲ್ವ್, 85 ಎಚ್‌ಪಿ. ವೈರಿಂಗ್, ಇಸಿಎಂ (ಎಂಜಿನ್ ನಡೆಸೋ ಕಂಪ್ಯೂಟರ್) ಎಲ್ಲ ಅದರದ್ದೇ. ಗೇರ್‌ಬಾಕ್ಸ್ ಮಾತ್ರ ಜೆನ್‌ದು ಉಳಿಸಿದ್ರು. ಅಷ್ಟು ಹಗುರ ಗಾಡಿಗೆ ಅಷ್ಟು ಎಂಜಿನ್ ಅಂದ್ರೆ ಹೆಂಗಿರುತ್ತೆ ಅಂತ ಓಡಿಸಿದೋರಿಗೇ ಗೊತ್ತು. ನೋಡೋಕೆ ಅಪ್ಪನ ಜೆನ್, ಮೂರನೇ ಗೇರಲ್ಲಿ ತುಳಿದ್ರೆ ಪಕ್ಕಾ ಸ್ಪೋರ್ಟ್ಸ್ ಕಾರು.

ಕಷ್ಟ ಏನಪ್ಪಾ ಅಂದ್ರೆ ಪೆಟ್ರೋಲ್. ಮನೆ ವಿನೋಬನಗರ, ಕೆಲಸ ಚಿತ್ರದುರ್ಗದಲ್ಲಿ. ದಿನಾ ಹೋಗಿ ಬರೋದು ಮೀಟರ್ ಪ್ರಕಾರ 116 ಕಿ.ಮೀ. ಹಳೇ ಎಂಜಿನ್ ಹೈವೇಲಿ ಲೀಟರಿಗೆ 17 ಕೊಡ್ತಿತ್ತು. ಈಗ ಟ್ಯಾಂಕ್ ಫುಲ್ ಮಾಡಿ, ಓಡಿಸಿ, ಮತ್ತೆ ಅದೇ ಬಂಕಲ್ಲಿ ಫುಲ್ ಮಾಡಿ ಲೆಕ್ಕ ಹಾಕಿದ್ರೆ 9.5. ತಿಂಗಳಿಗೆ ಹತ್ತಹತ್ರ 300 ಲೀಟರ್. ಲೀಟರಿಗೆ ನೂರರ ಮೇಲೆ. ಮನೇಲಿ ಹೇಳೋ ಹಾಗಿಲ್ಲ. ಅರ್ಧ ಹಾಕಿಸಿದ್ದನ್ನ ಕಾರ್ಡಲ್ಲಿ, ಇನ್ನರ್ಧ ಕ್ಯಾಶಲ್ಲಿ ಕೊಡ್ತಿದೀನಿ.

ಹಾಕಿಕೊಟ್ಟ ಗ್ಯಾರೇಜ್‌ನೋರನ್ನ ಕೇಳಿದ್ರೆ "ಎಚ್‌ಪಿ ಬೇಕು ಅಂದ್ಮೇಲೆ ಮೈಲೇಜ್ ಕೇಳಬಾರದು ಸರ್" ಅಂದು ಫೋನ್ ಇಟ್ರು. ನಿಜವಾ ಇದು? ಕಂಪನಿಯ ಎಸ್ಟೀಮ್ ಇದಕ್ಕಿಂತ ಭಾರ ಇದ್ದೂ ಇದಕ್ಕಿಂತ ಜಾಸ್ತಿ ಕೊಡ್ತಿತ್ತಲ್ಲ?

ಬೇರೆ ವಿವರ: 5ನೇ ಗೇರಲ್ಲಿ 100ಕ್ಕೆ 3,800 ಆರ್‌ಪಿಎಂ (ಆರ್‌ಪಿಎಂ ಮೀಟರ್ ನಾನೇ ಬೇರೆ ಕೂರಿಸಿದ್ದು, ಉಳಿದ ಮೀಟರ್ ಬೋರ್ಡ್ ಜೆನ್‌ದೇ). ಸಾಮಾನ್ಯವಾಗಿ 110ರಲ್ಲಿ ಹೋಗ್ತೀನಿ. ಹೆಡರ್ (ಎಂಜಿನ್ ಹೊಗೆ ಹೊರಗೆ ಒಯ್ಯೋ ಬೇರೆ ಪೈಪ್) ಹಾಕಿಸಿದೀನಿ. ಸೈಲೆನ್ಸರ್ ಬಾಯಿ ಒಲೆ ಮೇಲಿನ ಪಾತ್ರೆ ತಳದ ಥರ ಕಪ್ಪು. ಬಿಸಿ ಮಾತ್ರ ಆಗೋದೇ ಇಲ್ಲ, ಟೆಂಪರೇಚರ್ ಮುಳ್ಳು ಕಾಲು ಭಾಗ ದಾಟಲ್ಲ, ಅದೊಂದು ಖುಷಿ.

ದುರ್ಗದ_ಗಾಳಿ (ಚಿತ್ರದುರ್ಗ)

ಅಣ್ಣ, ನಾನು ನಿನ್ನ ಉಲ್ಟಾ. ಮನೆ ದುರ್ಗ, ಕೆಲಸ ದಾವಣಗೆರೆ. ಅದೇ ರೋಡು, ಅದೇ ಹೆಬ್ಬಾಳು ಟೋಲು. ಹೋಗಿ ಬಂದ್ರೆ ನನ್ನ ಗಾಡೀಲಿ 124 ತೋರಿಸ್ತೈತೆ. ನಿಂದು 116 ಹೆಂಗೆ? ಎಂಟು ಕಿಲೋಮೀಟರ್ ಯಾರು ನುಂಗಿದ್ರು? ಟೈರ್ ಸೈಜ್ ಏನೈತೆ ಹೇಳು.

ಇನ್ನೊಂದು. ಈಗ ಆಷಾಢ. ಜೋಗಿಮಟ್ಟಿ ಕಡೆ ಗಾಳಿ ಫ್ಯಾನು ಸುಮ್ನೆ ನೆಟ್ಟಿಲ್ಲ ಕಣಣ್ಣ. ನೀನು ಸಾಯಂಕಾಲ ವಾಪಸ್ ಬರುವಾಗ ಪಡುವಣ ಗಾಳಿ ಮುಖಕ್ಕೇ ಹೊಡಿತೈತೆ. ನಂಗೆ ಬೆಳಗ್ಗೆಗೂ ಸಂಜೆಗೂ ಲೀಟರಿಗೆ ಒಂದು ಒಂದೂವರೆ ಕಿ.ಮೀ. ವ್ಯತ್ಯಾಸ ಬರ್ತೈತೆ. ಒಂದೇ ಕಡೆ ಹೋಗಿದ್ದು ಲೆಕ್ಕ ಹಾಕಬೇಡ.

ಬೆಣ್ಣೆದೋಸೆ_ಜೆನ್ (ದಾವಣಗೆರೆ)

ಟೈರ್ 165/65 ಆರ್14. ಮುಂಚೆ ಇದ್ದದ್ದು 145/70 ಆರ್13. ಚಕ್ರದ ಮೇಲಿನ ಕಮಾನು ಖಾಲಿ ಖಾಲಿ ಕಾಣ್ತಿತ್ತು ಅಂತ ಅಲಾಯ್ ಜೊತೆ ಬದಲಾಯಿಸಿದೆ.

ಸಿಎನ್‌ಜಿ_ಭಕ್ತ

ಗ್ಯಾಸ್ ಹಾಕ್ಸಿ ಗುರು. ತಲೆನೋವು ಮುಗೀತು.

ಲೇತ್ ಮೇಷ್ಟ್ರು (ಹರಿಹರ)

ಡಿಕ್ಕೀಲಿ ಸಿಲಿಂಡರ್ ಹೊತ್ಕೊಂಡು ಸ್ಪೋರ್ಟ್ಸ್ ಕಾರು ಅನ್ನಕ್ಕಾಗಲ್ಲ, ಅದನ್ನ ಬಿಡ್ರಿ.

ತಮ್ಮಾ, ನಾನು ಮೈಸೂರು ಕಿರ್ಲೋಸ್ಕರ್‌ನಲ್ಲಿ ಲೇತ್ ಮಾಡ್ತಿದ್ದ ಕಾಲದೋನು. ಕಾರ್ಖಾನೆ ಮುಚ್ಚಿದ ಮೇಲೆ ಮನೆ ಮುಂದೇನೇ ಒಂದು ಲೇತ್ ಇಟ್ಕೊಂಡು ಎಂಜಿನ್ ಬದಲಾಯಿಸೋ ಹುಡುಗರಿಗೆ ಅಡಾಪ್ಟರ್ ಪ್ಲೇಟು, ಮೌಂಟಿಂಗ್ ಬುಷ್ ಮಾಡಿಕೊಡ್ತೀನಿ. ಬಂದೋರೆಲ್ಲ ಎಚ್‌ಪಿ ಮಾತಾಡ್ತಾರ. ವಾಪಸ್ ಬಂದೋರೆಲ್ಲ ಮೈಲೇಜ್ ಮಾತಾಡ್ತಾರ.

ಮೊದಲು ನಿನ್ನ ಟೈರು. 145/70 ಆರ್13 ಒಂದು ಸುತ್ತಿಗೆ ಹತ್ತಿರ 1.675 ಮೀಟರ್ ಹೋಗ್ತೈತಿ. 165/65 ಆರ್14 ಹೋಗೋದು 1.79 ಮೀಟರ್. ನೂರಕ್ಕೆ ಏಳು ಜಾಸ್ತಿ. ನಿನ್ನ ಮೀಟರಿಗೆ ಅದು ಗೊತ್ತಿಲ್ಲ, ಅದು ಇನ್ನೂ ಹಳೇ ಚಕ್ರವನ್ನೇ ಎಣಿಸ್ತೈತಿ. 116ಕ್ಕೆ ಏಳು ಪರ್ಸೆಂಟ್ ಸೇರಿಸು: 124. ದುರ್ಗದೋರ ಎಂಟು ಕಿಲೋಮೀಟರ್ ಸಿಕ್ತಲ್ಲ. ಅಂದ್ರೆ ನಿನ್ನ 9.5 ನಿಜಕ್ಕೂ 10.2. ಹೈವೇ ಕಿಲೋಮೀಟರ್ ಕಲ್ಲಿನ ಜೊತೆ ಹತ್ತು ಕಿಲೋಮೀಟರ್ ತಾಳೆ ನೋಡು, ಬೇಕಾದ್ರೆ ಮೊಬೈಲ್ ಜಿಪಿಎಸ್ ಇಟ್ಕೊ.

ಇದು ಸಿಹಿ ಸುದ್ದಿ. ಕಹಿ ಏನಂದ್ರೆ, ನೀನು 110 ಅಂದ್ಕೊಂಡು ಓಡಿಸ್ತಿರೋದು ಹತ್ತಿರ 118. ಮುಳ್ಳು ಕಂಪನಿಯಿಂದಲೇ ಸ್ವಲ್ಪ ಜಾಸ್ತಿ ತೋರಿಸ್ತಿತ್ತು ಅಂದ್ರೂ 115ರ ಕೆಳಗಂತೂ ಇಲ್ಲ. ನಿನ್ನ ಗಾಡಿಯಂಥದ್ದನ್ನ ಸಮರೋಡಲ್ಲಿ ಒಂದೇ ವೇಗದಲ್ಲಿ ತಳ್ಳಕ್ಕೆ, ನಾನು ಹಾಕಿದ ಲೆಕ್ಕ, 80ಕ್ಕೆ ಸುಮಾರು 10 ಎಚ್‌ಪಿ ಸಾಕು. 100ಕ್ಕೆ 16-17. 120ಕ್ಕೆ 26. ವೇಗ ಒಂದೂವರೆ ಪಟ್ಟು ಆದ್ರೆ ಗಾಳಿ ತಡೆ ಎರಡೂಕಾಲು ಪಟ್ಟು, ತಡೆಯೋ ಗಾಳಿಯನ್ನ ಸೀಳೋ ಶಕ್ತಿ ಮೂರೂಕಾಲು ಪಟ್ಟಿಗಿಂತ ಸ್ವಲ್ಪ ಜಾಸ್ತಿ. ಅದಕ್ಕೇ ಹೇಳೋದು, 85 ಎಚ್‌ಪಿ ನಿನ್ನ ಪೆಟ್ರೋಲ್ ಕುಡೀತಿಲ್ಲ. ಹೈವೇಲಿ ಅದರಲ್ಲಿ ಅರವತ್ತು ಕೈಕಟ್ಟಿ ಕೂತಿರ್ತಾವು. ಗ್ಯಾರೇಜ್‌ನೋರ ಮಾತು ಅರ್ಧ ಸತ್ಯ.

ಉಳಿದರ್ಧ ಗೇರಿಂದು. ಅಮೆರಿಕಾದ ಹುಡುಗರು ಮಜ್ದಾ ಮಿಯಾಟಾ ಅನ್ನೋ ಪುಟ್ಟ ಕಾರಿಗೆ ಜನರಲ್ ಮೋಟರ್ಸ್‌ನ ಎಲ್‌ಎಸ್ ವಿ8 ಇಳಿಸ್ತಾರ. ಆ ಜಾತಿಯ ಮೊದಲ ಎಂಜಿನ್ ಬಂದದ್ದು 1997ರ ಕಾರ್ವೆಟ್‌ನಲ್ಲಿ: 5.7 ಲೀಟರ್, 345 ಎಚ್‌ಪಿ. ಆ ಕಾರಿಗೆ ಅಲ್ಲಿನ ಸರ್ಕಾರ ಕೊಟ್ಟ ಹೈವೇ ಮೈಲೇಜ್ ಗ್ಯಾಲನ್ನಿಗೆ 28 ಮೈಲಿ. ನಮ್ಮ ಲೆಕ್ಕಕ್ಕೆ ಲೀಟರಿಗೆ ಹತ್ತತ್ರ 12. ನಿನ್ನ ಜೆನ್‌ಗಿಂತ ಮೇಲು! ಹೆಂಗೆ? 6ನೇ ಗೇರು 0.50, ಹಿಂದಿನ ಡಿಫರೆನ್ಷಿಯಲ್ 3.42. ಎರಡೂ ಗುಣಿಸಿದ್ರೆ 1.71, ಅಂದ್ರೆ ಚಕ್ರದ ಒಂದು ಸುತ್ತಿಗೆ ಎಂಜಿನ್ 1.71 ಸುತ್ತು. 100ರಲ್ಲಿ ಹೋಗುವಾಗ ಎಂಜಿನ್ ತಿರುಗೋದು 1,350ರ ಆಸುಪಾಸು. ನಿಂದು ನಿಜವಾದ 100ಕ್ಕೆ 3,550. ಸುತ್ತು ಕಡಿಮೆ ಆದಷ್ಟು ಅದೇ ಕೆಲಸಕ್ಕೆ ಥ್ರಾಟಲ್ (ಎಂಜಿನ್‌ಗೆ ಗಾಳಿ ಬಿಡೋ ಬಾಗಿಲು) ಹೆಚ್ಚು ತೆರೆಯಬೇಕಾಗ್ತೈತಿ, ಎಂಜಿನ್ ಸಲೀಸಾಗಿ ಉಸಿರಾಡ್ತೈತಿ. ಥ್ರಾಟಲ್ ಅರೆ ಮುಚ್ಚಿ ಎಂಜಿನ್ ಗಿರ್ ಅಂತ ತಿರುಗಿಸಿದ್ರೆ ಗಾಳಿ ಎಳೆಯಕ್ಕೇ ಒಂದಿಷ್ಟು ಪೆಟ್ರೋಲ್ ದಂಡ.

ನಮ್ಮಲ್ಲೂ ಕಂಪನಿಯೋರು ಇದನ್ನೇ ಮಾಡಿದ್ರು. ಕಾಂಟೆಸ್ಸಾ ಕಾರು ಬಂದಾಗ ಅದರೊಳಗೆ ಅಂಬಾಸಿಡರ್‌ನ 1.5 ಎಂಜಿನ್ ಇತ್ತು, ಅಷ್ಟು ದೊಡ್ಡ ಗಾಡಿಗೆ 50 ಎಚ್‌ಪಿ, ಏದುಸಿರು ಬಿಡ್ತಿತ್ತು. ಆಮೇಲೆ ಇಸುಜು 1.8 ಕೂರಿಸಿ ಕ್ಲಾಸಿಕ್ ಅಂದ್ರು. ಎಂಜಿನ್ ಒಂದನ್ನೇ ಬದಲಾಯಿಸಲಿಲ್ಲ, 5 ಗೇರಿನ ಬಾಕ್ಸೂ ಕೊಟ್ರು.

ಹಂಗಂತ ನಾಳೆನೇ ಗೇರ್‌ಬಾಕ್ಸ್ ಬಿಚ್ಚಬ್ಯಾಡ. ದೊಡ್ಡ ಟೈರು ಅರ್ಧ ಕೆಲಸ ಆಗಲೇ ಮಾಡೈತಿ. ನಿನ್ನ ಕಳ್ಳ ಬೇರೆ ಕಡೆ ಅದಾನ. ನೀನು ಖುಷಿ ಪಟ್ಟು ಬರೆದ ಮಾತಲ್ಲೇ ಅದಾನ: "ಬಿಸಿ ಆಗೋದೇ ಇಲ್ಲ". ಎಂಜಿನ್ ನೀರು ಕಾಯೋ ತನಕ ರೇಡಿಯೇಟರಿಗೆ ಬಿಡದೆ ತಡೆಯೋ ಥರ್ಮೋಸ್ಟಾಟ್ ವಾಲ್ವ್ ಕಿತ್ತು ಬಿಸಾಕಿದಾರ. ನಮ್ಮ ಕಡೆ ಮೆಕ್ಯಾನಿಕ್‌ಗಳಿಗೆ ಅದೊಂದು ಚಟ, "ನಮ್ಮ ಬಿಸಿಲಿಗೆ ಅದು ಯಾಕ್ರಿ" ಅಂತ. ಕಾರ್ಬುರೇಟರ್ ಕಾಲದಲ್ಲಿ ನಡೀತಿತ್ತು. ಎಂಪಿಎಫ್‌ಐನಲ್ಲಿ ಇಸಿಎಂ ನೀರಿನ ಬಿಸಿ ನೋಡಿ ಪೆಟ್ರೋಲ್ ಅಳೀತೈತಿ. ನೀರು ತಣ್ಣಗಿದ್ರೆ ಎಂಜಿನ್ ಈಗ ತಾನೇ ಸ್ಟಾರ್ಟ್ ಆಗೈತಿ ಅಂದ್ಕೊಂಡು ಜಾಸ್ತಿ ಸುರೀತೈತಿ. ನಿನ್ನ ಗಾಡಿ ದಾವಣಗೆರೆಯಿಂದ ದುರ್ಗದ ತನಕ ಚೋಕ್ ಎಳೆದುಕೊಂಡೇ ಹೋಗ್ತಿದ್ದಂಗೆ.

ಮತ್ತೆ ಹೆಡರ್ ಹಾಕಿದಾಗ ಆಕ್ಸಿಜನ್ ಸೆನ್ಸರ್ ಎಲ್ಲಿಗೆ ಹೋಯ್ತು? ಬಾನೆಟ್ ತೆಗೆದು ನೋಡಿ ಹೇಳು.

ಬೆಣ್ಣೆದೋಸೆ_ಜೆನ್ (ದಾವಣಗೆರೆ)

ಮೇಷ್ಟ್ರೇ, ಬಾನೆಟ್ ತೆಗೆದೆ. ಸೆನ್ಸರ್ ಇದೆ. ಫೈರ್‌ವಾಲ್ (ಎಂಜಿನ್ ಹಿಂದಿನ ತಗಡಿನ ಗೋಡೆ) ಹತ್ರ ಬ್ರೇಕ್ ಪೈಪಿಗೆ ಕೇಬಲ್ ಟೈ ಹಾಕಿ ಕಟ್ಟಿದಾರೆ. ಗಾಳೀಲಿ ನೇತಾಡ್ತಿದೆ. ಎರಡು ವರ್ಷದಿಂದ.

ಲೇತ್ ಮೇಷ್ಟ್ರು (ಹರಿಹರ)

ಶಿವ ಶಿವಾ. ಅದು ಹೊಗೆಯೊಳಗೆ 300 ಡಿಗ್ರಿ ಹತ್ತಿರ ಕಾದ ಮೇಲೇನೇ ಸರಿಯಾಗಿ ಮಾತಾಡೋದು. ಹೊರಗೆ ತಣ್ಣಗೆ ನೇತಾಡ್ತಿದ್ರೆ ಏನು ಹೇಳೀತು? ಪೆಟ್ರೋಲ್ ಒಂದಕ್ಕೆ ಗಾಳಿ 14.7 ತೂಕ ಇರಬೇಕು ಅಂತ ತಿದ್ದೋಕೆ ಇಸಿಎಂಗೆ ಇರೋ ಕಣ್ಣೇ ಅದು. ಕಣ್ಣು ಕಿತ್ತು ಗೋಡೆಗೆ ನೇತುಹಾಕಿದಾರ.

ಆ ಸೆನ್ಸರ್ ಥ್ರೆಡ್ 18 ಎಂಎಂ, 1.5 ಪಿಚ್. ಬುಷ್ ನಾನು ತಿರುಗಿಸಿ ಇಟ್ಟಿರ್ತೀನಿ, ಬಂದು ತಗೊಂಡ್ಹೋಗು. ನಾಲ್ಕೂ ಪೈಪ್ ಸೇರೋ ಜಾಗ ದಾಟಿದ ಮೇಲೆ ತೂತು ಮಾಡಿಸಿ ವೆಲ್ಡ್ ಮಾಡಿಸು. ಸೆನ್ಸರ್ ಮೂತಿ ನೆಲ ನೋಡೋ ಹಂಗಿರಲಿ, ಮೇಲೆ ನೋಡಿದ್ರೆ ನೀರು ನಿಂತು ಹಾಳಾಗ್ತೈತಿ. ವೆಲ್ಡಿಂಗ್ ಮಾಡುವಾಗ ಬ್ಯಾಟರಿ ವೈರ್ ಬಿಚ್ಚಿಡು, ಇಸಿಎಂ ಸುಟ್ಟುಕೊಂಡು ಬಂದೋರನ್ನ ನೋಡೀನಿ.

ಕರಿಕೋಟು_17

ಎಲ್ಲರೂ ಪೆಟ್ರೋಲ್ ಉಳಿಸೋದರಲ್ಲಿದ್ದೀರಿ, ನಾನು ಆರ್‌ಸಿ ಕೇಳ್ತೀನಿ. ಆರ್‌ಸಿಯಲ್ಲಿ ಎಂಜಿನ್ ನಂಬರ್, ಸಿಸಿ ಯಾವುದಿದೆ? ಮೋಟಾರು ವಾಹನ ಕಾಯ್ದೆ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೂ ಆರ್‌ಸಿಗೂ ತಾಳೆಯಾಗದ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿದಿದೆ. ಕೆಟ್ಟುಹೋದ ಎಂಜಿನ್ ತೆಗೆದು ಅದೇ ಕಂಪನಿಯ ಅದೇ ಬಗೆಯ ಎಂಜಿನ್ ಹಾಕುವುದು ಬೇರೆ, 993 ತೆಗೆದು 1,298 ಸಿಸಿ ಕೂರಿಸುವುದು ಬೇರೆ. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳ ತನಕ ಜೈಲು, ಅಥವಾ ಎರಡೂ ಅಂತ ಸೇರಿಸಿದ್ದಾರೆ. ದಂಡ ಬಿಡಿ. ಹೈವೇಲಿ ಯಾರಿಗಾದರೂ ತಗುಲಿತು ಅಂದುಕೊಳ್ಳಿ, ಇನ್ಶೂರೆನ್ಸ್‌ನವರು ಮೊದಲು ನೋಡೋದೇ ಎಂಜಿನ್ ನಂಬರ್. ಆ ಹಣ ನಿಮ್ಮ ವಿನೋಬನಗರದ ಮನೆಯಿಂದ ಬರಬೇಕಾಗಬಹುದು. ಇಂಥ ಗಾಡಿಯನ್ನ ದಿನಾ ಕೆಲಸಕ್ಕೆ ತಗೊಂಡು ಹೋಗೋದು ತಪ್ಪು ಅಂತ ಸ್ಪಷ್ಟವಾಗಿ ಹೇಳ್ತೀನಿ.

ಅಂದಹಾಗೆ ಸ್ಪೀಡ್ ಕ್ಯಾಮೆರಾ ನಿಮ್ಮ ಮೀಟರ್ ನೋಡಲ್ಲ.

ಬೆಣ್ಣೆದೋಸೆ_ಜೆನ್ (ದಾವಣಗೆರೆ)

ಮೂರು ವಾರ ಆಯ್ತು, ಅಪ್‌ಡೇಟ್ ಹಾಕ್ತಿದೀನಿ.

ಥರ್ಮೋಸ್ಟಾಟ್ ಹೌಸಿಂಗ್ ಬಿಚ್ಚಿದೆ. ಒಳಗೆ ಖಾಲಿ. ಮೇಷ್ಟ್ರು ಅಲ್ಲಿಂದಲೇ ನೋಡಿದ ಹಾಗೆ ಹೇಳಿದ್ರು. ಹೊಸದು ತಂದೆ, ತಟ್ಟೆ ಮೇಲೆ 82 ಅಂತ ಅಚ್ಚಾಗಿದೆ. ಹಾಕೋ ಮುಂಚೆ ಕೆಲಸ ಮಾಡುತ್ತಾ ನೋಡೋಣ ಅಂತ ಪಾತ್ರೆಗೆ ನೀರು ಹಾಕಿ, ಅದನ್ನ ದಾರದಲ್ಲಿ ಕಟ್ಟಿ ಇಳಿಬಿಟ್ಟು ಒಲೆ ಮೇಲಿಟ್ಟೆ. ಬಹಳ ಹೊತ್ತು ಏನೂ ಇಲ್ಲ. ತಳದಲ್ಲಿ ಸಣ್ಣ ಗುಳ್ಳೆ ಎದ್ದು ನೀರು ಸೊಂಯ್ ಅನ್ನೋಕೆ ಶುರುವಾದಾಗ ತಟ್ಟೆ ಅಂಚಲ್ಲಿ ಕೂದಲೆಳೆಯಷ್ಟು ಬಿರುಕು ಕಾಣಿಸ್ತು, ನೋಡ್ತಾ ನೋಡ್ತಾ ಬೆರಳುಗುರಿನಷ್ಟು ಅಗಲ ಆಯ್ತು. ಉರಿ ಆರಿಸಿದ್ರೆ ಮತ್ತೆ ಮೆಲ್ಲಗೆ ಮುಚ್ಚಿಕೊಳ್ತು. ನಾನು ಮೂರು ಸಲ ಮಾಡಿ ನೋಡಿದೆ. ಅದು ಹಾಲಿನ ಪಾತ್ರೆ ಅಂತ ಅಮ್ಮ ಬಂದು ನೋಡಿದ ಮೇಲೆ ಗೊತ್ತಾಯ್ತು. ಈಗ ಮನೇಲಿ ಹೊಸ ಹಾಲಿನ ಪಾತ್ರೆ ಇದೆ.

ಬುಷ್ ವೆಲ್ಡ್ ಮಾಡಿಸಿ ಸೆನ್ಸರ್ ಕೂರಿಸಿದೆ. ಪ್ಲಗ್ ಬಿಚ್ಚಿದಾಗ ನಾಲ್ಕೂ ಕಾಡಿಗೆ ಬಳಿದ ಹಾಗಿದ್ವು. ಉಜ್ಜಿ ಹಾಕಿದೆ. ಹದಿನೈದು ದಿನ ಬಿಟ್ಟು ನೋಡಿದ್ರೆ ಬಿಸ್ಕತ್ತಿನ ಬಣ್ಣ.

ಲೆಕ್ಕ: ಮೊದಲ ವಾರ ವೇಗ ಕಮ್ಮಿ ಮಾಡದೆ, ಮುಳ್ಳು 110ರಲ್ಲೇ ಇಟ್ಟು ಓಡಿಸಿದೆ, ರಿಪೇರಿಯಿಂದ ಎಷ್ಟು ಬಂತು ಅಂತ ಬೇರೆಯಾಗಿ ಗೊತ್ತಾಗಲಿ ಅಂತ. ನಿಜವಾದ ಕಿಲೋಮೀಟರ್ ಲೆಕ್ಕದಲ್ಲಿ 12.9. ಆಮೇಲೆ ಜಿಪಿಎಸ್ ನೋಡ್ಕೊಂಡು ನಿಜವಾದ 90-95ರಲ್ಲಿ ಎರಡು ಟ್ಯಾಂಕ್: 15.6, 15.2. ದಾವಣಗೆರೆ ಒಳಗಿನ ಸಿಗ್ನಲ್ ಎಲ್ಲ ಸೇರಿ. ಸಮಯ ಒಂದು ಕಡೆಗೆ ಎಂಟು ನಿಮಿಷ ಜಾಸ್ತಿ ಹಿಡೀತಿದೆ. ಒಂದು ಎಚ್‌ಪಿ ಕೂಡ ಕಳ್ಕೊಂಡಿಲ್ಲ. ನಿಜ ಹೇಳಬೇಕಂದ್ರೆ ಮೂರನೇ ಗೇರಲ್ಲಿ ಮುಂಚೆಗಿಂತ ಚುರುಕಾಗಿದೆ, ಪ್ಲಗ್ ಮಸಿ ಹೋಗಿದ್ದಕ್ಕೋ ಏನೋ.

ದುರ್ಗದ ಅಣ್ಣ, ನೀನು ಹೇಳಿದ ಗಾಳಿ ನಿಜ. ಮೊನ್ನೆ ಸಂಜೆ ಎಕ್ಸಿಲರೇಟರ್ ಅಷ್ಟೇ ಒತ್ತಿದ್ರೂ ಜಿಪಿಎಸ್‌ನಲ್ಲಿ 95 ಇದ್ದದ್ದು 88ಕ್ಕೆ ಇಳೀತು.

ಕರಿಕೋಟು ಸರ್, ನಿಮ್ಮ ಮಾತಿಗೆ ನನ್ನ ಹತ್ರ ಉತ್ತರ ಇಲ್ಲ. ಆರ್‌ಸಿಯಲ್ಲಿ ಇನ್ನೂ 993 ಸಿಸಿನೇ ಇದೆ. ಹಳೇ ಎಂಜಿನ್ ಗೋಣಿಚೀಲ ಸುತ್ತಿ ಮನೆ ಹಿಂದೆ ಇಟ್ಟಿದೀನಿ, ಮಾರಿಲ್ಲ. ಅದನ್ನ ಬೋರ್ ಮಾಡಿಸೋಕೆ ಎಷ್ಟಾಗುತ್ತೆ ಅಂತ ನಿನ್ನೆ ಕೇಳ್ಕೊಂಡು ಬಂದೆ. ಸದ್ಯಕ್ಕೆ ಸೋಮವಾರದಿಂದ ಬಸ್ಸು.

ಮೇಷ್ಟ್ರೇ, ಬುಷ್‌ಗೆ ದುಡ್ಡು ತಗೊಳ್ಳಲಿಲ್ಲ ನೀವು. ಭಾನುವಾರ ಮನೇಲಿರ್ತೀರಾ? ಮಂಡಕ್ಕಿ, ಮೆಣಸಿನಕಾಯಿ ಕಟ್ಟಿಸ್ಕೊಂಡು ಬರ್ತೀನಿ.

ಲೇತ್ ಮೇಷ್ಟ್ರು (ಹರಿಹರ)

ಇರ್ತೀನಿ. ಹಳೇ ಎಂಜಿನ್ ಬ್ಲಾಕೂ ತಗೊಂಡು ಬಾ, ಎಷ್ಟು ಸವೆದೈತಿ ಅಂತ ಬೋರ್ ಗೇಜ್ ಹಾಕಿ ನೋಡೋಣ.